ಆಕ್ಸೆಸ್‌ನಲ್ಲಿ ಕೇಳದೆ ಡಿಲೀಟ್ ಮಾಡುವುದು: ಸೆಟ್‌ವಾರ್ನಿಂಗ್ಸ್‌ಗಿಂತ ಎಕ್ಸಿಕ್ಯೂಟ್ ಯಾಕೆ ವಾಸಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಎಕ್ಸಿಕ್ಯೂಟ್‌ಗೆ, ಅಂದರೆ ಕೇಳದೆಯೇ ಕೆಲಸ ಮುಗಿಸುವ ಆಜ್ಞೆಗೆ. ಎಚ್ಚರಿಕೆಯ ಪೆಟ್ಟಿಗೆಗಳೇ ಬರದಂತೆ ತಡೆಯುವ ಸೆಟ್‌ವಾರ್ನಿಂಗ್ಸ್ ಫಾಲ್ಸ್ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಒಂದು ಗೊಬ್ಬರದ ಅಂಗಡಿಗೆ ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶ ಆಕ್ಸೆಸ್‌ನಲ್ಲಿ ಉದ್ರಿ ಲೆಕ್ಕದ ಫೈಲ್ ಮಾಡಿಕೊಟ್ಟಿದ್ದೆ. ತಿಂಗಳ ಕೊನೆಗೆ ಬಟನ್ ಒತ್ತಿದರೆ, ತೀರಿದ ಉದ್ರಿಯ ರೆಕಾರ್ಡುಗಳು ಹಳೆಯ ಲೆಕ್ಕದ ಟೇಬಲ್‌ಗೆ ಸೇರಿ ಇಲ್ಲಿಂದ ಅಳಿಯಬೇಕು. ಎರಡಕ್ಕೂ ರನ್‌ಎಸ್‌ಕ್ಯೂಎಲ್ ಎಂಬ ಆಜ್ಞೆ ಬರೆದಿದ್ದೆ. ಒತ್ತಿದಾಗಲೆಲ್ಲ ಎರಡು ಪೆಟ್ಟಿಗೆ ಬರುತ್ತಿದ್ದವು. ಇಷ್ಟು ಸೇರಿಸುತ್ತಿದ್ದೀರಿ, ಇಷ್ಟು ಅಳಿಸುತ್ತಿದ್ದೀರಿ, ಆಮೇಲೆ ವಾಪಸ್ ತರಲು ಆಗಲ್ಲ ಅಂತ. ಲೆಕ್ಕ ಬರೆಯುವ ಅಕ್ಕ ಮೊದಲನೆಯದಕ್ಕೆ ಯೆಸ್ ಒತ್ತಿ, ಎರಡನೆಯದಕ್ಕೆ ಹೆದರಿ ನೋ ಒತ್ತುತ್ತಿದ್ದರು. ನೋ ಒತ್ತಿದರೆ 2501 ಎಂಬ ಎರರ್. ರೆಕಾರ್ಡುಗಳು ಎರಡೂ ಕಡೆ ಉಳಿದುಬಿಡುತ್ತಿದ್ದವು. ಕೂಡಲೇ ನನಗೆ ಫೋನ್: "ಅಣ್ಣಾ, ಮತ್ತೆ ಹಳದಿ ಗೆರೆ ಬಂತು." ಕೋಡ್ ನಿಂತ ಸಾಲು ಹಳದಿಯಾಗಿ ಕಾಣುತ್ತದೆ, ಅದು.

ಸರಿ ಅಂತ ಮೇಲೊಂದು ಸೆಟ್‌ವಾರ್ನಿಂಗ್ಸ್ ಫಾಲ್ಸ್, ಕೆಳಗೊಂದು ಸೆಟ್‌ವಾರ್ನಿಂಗ್ಸ್ ಟ್ರೂ ಹಾಕಿದೆ. ಎರಡೇ ಸಾಲು, ಪೆಟ್ಟಿಗೆಗಳು ಮಾಯ. ಎರಡು ತಿಂಗಳು ಆರಾಮಾಗಿದ್ದೆ.

ಮೂರನೇ ತಿಂಗಳು ನಡುವಿನ ಯಾವುದೋ ಸಾಲಿನಲ್ಲಿ ಕೋಡ್ ಎಡವಿತು. ನಾನು ಎರರ್ ಹ್ಯಾಂಡ್ಲರ್ (ಎರರ್ ಬಂದಾಗ ಸಂಭಾಳಿಸುವ ಕೋಡ್) ಬರೆದಿರಲಿಲ್ಲ, ತಪ್ಪು ನನ್ನದೇ. ಟ್ರೂ ಎಂಬ ಸಾಲಿನವರೆಗೆ ಕೋಡ್ ತಲುಪಲೇ ಇಲ್ಲ. ಆಕ್ಸೆಸ್‌ನ ಕೋಡ್ ಭಾಷೆಯಾದ ವಿಬಿಎಯಿಂದ ಒಮ್ಮೆ ವಾರ್ನಿಂಗ್ ಆರಿಸಿದರೆ, ನಾವೇ ಮತ್ತೆ ಹಚ್ಚುವವರೆಗೆ ಅಥವಾ ಆಕ್ಸೆಸ್ ಮುಚ್ಚುವವರೆಗೆ ಅದು ಆರಿಯೇ ಇರುತ್ತದೆ. ನಮ್ಮ ಬಟನ್‌ಗೆ ಮಾತ್ರವಲ್ಲ, ಇಡೀ ಆಕ್ಸೆಸ್‌ಗೆ. ಅದೇ ಸಂಜೆ ಅಕ್ಕ ಗ್ರಾಹಕರ ಪಟ್ಟಿಯಲ್ಲಿ ಕೈತಪ್ಪಿ ಒಂದು ರೆಕಾರ್ಡಿನ ಮೇಲೆ ಡಿಲೀಟ್ ಕೀ ಒತ್ತಿದರು. ಯಾರೂ ಏನೂ ಕೇಳಲಿಲ್ಲ. ಒಂದು ಅಳಿದರೆ ಅದಕ್ಕೆ ಸೇರಿದ್ದೆಲ್ಲ ಅಳಿಯುವ ಕ್ಯಾಸ್ಕೇಡ್ ಡಿಲೀಟ್ ಬೇರೆ ಹಾಕಿಟ್ಟಿದ್ದೆ. ಆ ರೈತರ ಹೆಸರಿನ ಜೊತೆಗೆ ಅವರ ಉದ್ರಿ ಪೂರ್ತಿ ಹೋಯಿತು.

ಗೊತ್ತಾಗಿದ್ದು ಅವರೇ ದುಡ್ಡು ಕಟ್ಟಲು ಬಂದಾಗ. ಸಾಲ ತೀರಿಸಲು ಬಂದವರಿಗೆ "ನಿಮ್ಮ ಸಾಲವೇ ಇಲ್ಲ" ಅನ್ನುವ ಅಂಗಡಿ ಎಲ್ಲಾದರೂ ಉಂಟೇ! ಪುಣ್ಯಕ್ಕೆ ಬಿಲ್ ಪುಸ್ತಕವಿತ್ತು. ಕೂತು ಎಲ್ಲವನ್ನೂ ಮತ್ತೆ ಟೈಪ್ ಮಾಡಿದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ವಾರ್ನಿಂಗ್ ಆರಿಸಿದಾಗ 'ಇಷ್ಟು ರೆಕಾರ್ಡ್ ಅಳಿಸಲು ಆಗಲಿಲ್ಲ' ಎಂಬ ಮಾತೂ ಕೇಳಿಸುವುದಿಲ್ಲ. ಕೆಲವು ರೆಕಾರ್ಡುಗಳನ್ನು ಇನ್ನೊಂದು ಕಂಪ್ಯೂಟರ್ ಲಾಕ್ ಮಾಡಿ ಹಿಡಿದಿದ್ದರೆ 50ರಲ್ಲಿ 40 ಹೋಗಿ, 10 ಸುಮ್ನೆ ಉಳಿಯುತ್ತವೆ.

ಬೇರೆ ದಾರಿಗಳನ್ನೂ ನೋಡಿದೆ. ಆಪ್ಷನ್ಸ್, ಕ್ಲೈಂಟ್ ಸೆಟ್ಟಿಂಗ್ಸ್‌ಗೆ ಹೋಗಿ ಆಕ್ಷನ್ ಕ್ವೆರೀಸ್ (ಸೇರಿಸುವ, ಅಳಿಸುವಂಥ ಆಜ್ಞೆಗಳು) ಎದುರಿನ ಟಿಕ್ ತೆಗೆಯಬಹುದು. ಆದರೆ ಅದು ಆ ಕಂಪ್ಯೂಟರಿನ ಸೆಟ್ಟಿಂಗ್, ಫೈಲಿನದಲ್ಲ. ಗೋಡೌನಿನ ಕಂಪ್ಯೂಟರಿನಲ್ಲಿ ಪೆಟ್ಟಿಗೆ ಮತ್ತೆ ಹಾಜರ್. ಫಾರ್ಮ್‌ನಲ್ಲಿ ಒಂದೊಂದೇ ರೆಕಾರ್ಡ್ ಅಳಿಸುವವರಿಗೆ ಬಿಫೋರ್‌ಡೆಲ್‌ಕನ್ಫರ್ಮ್ ಈವೆಂಟ್ ಚೆನ್ನಾಗಿದೆ, ನನ್ನ ಕೆಲಸ ಅದಲ್ಲ.

ಎಕ್ಸಿಕ್ಯೂಟ್ ಪೆಟ್ಟಿಗೆಯನ್ನೇ ತರುವುದಿಲ್ಲ. ಆರಿಸುವುದೂ ಬೇಡ, ಹಚ್ಚುವುದೂ ಬೇಡ. ಜೊತೆಗೆ ಡಿಬಿಫೇಲ್‌ಆನ್‌ಎರರ್ ಎಂದು ಬರೆದರೆ, ಒಂದು ರೆಕಾರ್ಡ್ ಅಳಿಸಲು ಆಗದಿದ್ದರೂ ಎರರ್ ಕೊಟ್ಟು, ಆ ಸಲದ ಡಿಲೀಟನ್ನು ಪೂರ್ತಿ ಹಿಂದಕ್ಕೆ ತರುತ್ತದೆ. ಅದನ್ನು ಬರೆಯಲು ಮರೆತರೆ ಇದೂ ಕುರುಡೇ.

ಆದರೆ ಇದು ನನ್ನನ್ನು ಒಂದು ವಾರ ಕಾಡಿತು. ಹಳೆಯ ಡಿಲೀಟ್ ವಾಕ್ಯವನ್ನು ಹಾಗೇ ತಂದು ಹಾಕಿದರೆ 3061: 'ಟೂ ಫ್ಯೂ ಪ್ಯಾರಾಮೀಟರ್ಸ್, ಎಕ್ಸ್‌ಪೆಕ್ಟೆಡ್ 1'. ಯಾವ ಪ್ಯಾರಾಮೀಟರ್ ಕಡಿಮೆಯಾಯಿತು ಅಂತ ತಲೆ ಕೆರೆದುಕೊಂಡೆ. ಫಾರ್ಮ್‌ನಲ್ಲಿದ್ದ ತಾರೀಖಿನ ಬಾಕ್ಸಿನ ಹೆಸರನ್ನೇ ವಾಕ್ಯದೊಳಗೆ ಬರೆದಿದ್ದೆ. ರನ್‌ಎಸ್‌ಕ್ಯೂಎಲ್ ಆಕ್ಸೆಸ್ ಮೂಲಕ ಹೋಗುತ್ತದೆ, ಆಕ್ಸೆಸ್‌ಗೆ ಫಾರ್ಮ್ ಗೊತ್ತು. ಎಕ್ಸಿಕ್ಯೂಟ್ ನೇರ ಡೇಟಾಬೇಸ್ ಇಂಜಿನ್ ಹತ್ತಿರ ಹೋಗುತ್ತದೆ. ಅದಕ್ಕೆ ಫಾರ್ಮೂ ಗೊತ್ತಿಲ್ಲ, ಬಾಕ್ಸೂ ಗೊತ್ತಿಲ್ಲ.

ಹಾಗಾದರೆ ತಾರೀಖನ್ನೇ ವಾಕ್ಯಕ್ಕೆ ಅಂಟಿಸೋಣ ಅಂತ ಎರಡು ಹ್ಯಾಶ್ (#) ನಡುವೆ ಹಾಕಿದೆ. 25/03/2023 ಕೊಟ್ಟು ನೋಡಿದೆ, ಸರಿಯಾಗಿತ್ತು. ಖುಷಿಯಿಂದ 05/03/2023 ಕೊಟ್ಟೆ. ಆ ತಾರೀಖಿಗಿಂತ ಹಿಂದಿನದನ್ನು ಅಳಿಸು ಎಂದಿದ್ದಕ್ಕೆ, ಮಾರ್ಚ್ ಏಪ್ರಿಲ್ ಎರಡನ್ನೂ ಗುಡಿಸಿಬಿಟ್ಟಿತು! ಹ್ಯಾಶ್ ನಡುವಿನ ತಾರೀಖನ್ನು ಇಂಜಿನ್ ಅಮೆರಿಕದ ಕ್ರಮದಲ್ಲಿ ಓದುತ್ತದೆ, ತಿಂಗಳು ಮೊದಲು. ನಮ್ಮ ಮಾರ್ಚ್ 5 ಅದಕ್ಕೆ ಮೇ 3. 25ನೇ ತಿಂಗಳು ಇಲ್ಲವಲ್ಲ, ಹಾಗಾಗಿ ಅಲ್ಲಿ ಮಾತ್ರ ನಮ್ಮ ಹಾಗೆ ಓದಿಕೊಂಡಿತ್ತು. ಸದ್ಯ, ಫೈಲಿನ ಕಾಪಿ ಮೇಲೆ ಓಡಿಸಿದ್ದೆ.

ಈಗ ತಾರೀಖನ್ನು ಅಂಟಿಸುವುದೇ ಇಲ್ಲ. ಕ್ವೆರಿಡೆಫ್ (ತಾರೀಖಿಗೆ ಜಾಗ ಬಿಟ್ಟ ಕ್ವೆರಿ) ಮಾಡಿ, ಅದರ ಪ್ಯಾರಾಮೀಟರಿಗೆ ತಾರೀಖು ಕೊಟ್ಟು, ಅದನ್ನೇ ಎಕ್ಸಿಕ್ಯೂಟ್ ಮಾಡುತ್ತೇನೆ. 3061ರ ಕಾಟವೂ ಇಲ್ಲ, ಮೇ ತಿಂಗಳ ಕಾಟವೂ ಇಲ್ಲ. ಸೇರಿಸುವುದು, ಅಳಿಸುವುದು ಎರಡನ್ನೂ ಬಿಗಿನ್‌ಟ್ರಾನ್ಸ್ ಮತ್ತು ಕಮಿಟ್‌ಟ್ರಾನ್ಸ್ ನಡುವೆ ಇಟ್ಟಿದ್ದೇನೆ. ನಡುವೆ ಎರರ್ ಬಂದರೆ ಹ್ಯಾಂಡ್ಲರ್‌ನಲ್ಲಿ ರೋಲ್‌ಬ್ಯಾಕ್, ಅಂದರೆ ಎಲ್ಲವೂ ಹಿಂದಕ್ಕೆ. ಆಗುವುದಾದರೆ ಎರಡೂ, ಇಲ್ಲದಿದ್ದರೆ ಒಂದೂ ಇಲ್ಲ.

ಇನ್ನೊಂದು ಸಣ್ಣ ಮಾತು. ಎಷ್ಟು ಅಳಿಯಿತು ಅಂತ ಕರೆಂಟ್‌ಡಿಬಿ.ರೆಕಾರ್ಡ್ಸ್‌ಅಫೆಕ್ಟೆಡ್ ಕೇಳಿದರೆ ಸೊನ್ನೆ ಬರುತ್ತದೆ. ಕರೆಂಟ್‌ಡಿಬಿ ಅಂದರೆ ಈಗ ತೆರೆದಿರುವ ಡೇಟಾಬೇಸ್, ಕರೆದಾಗಲೆಲ್ಲ ಅದರ ಹೊಸ ಆಬ್ಜೆಕ್ಟ್ ಹುಟ್ಟುತ್ತದೆ. ಯಾವುದರಿಂದ ಎಕ್ಸಿಕ್ಯೂಟ್ ಮಾಡಿದೆವೋ ಅದನ್ನು ಒಂದು ವೇರಿಯಬಲ್‌ನಲ್ಲಿ ಹಿಡಿದಿಟ್ಟು ಅದನ್ನೇ ಕೇಳಬೇಕು.

ಅಂಗಡಿಯಲ್ಲಿರುವುದು ಹಳೇ ಆಫೀಸ್ 2010, ಹೊಸದು ಕೊಳ್ಳುವ ಮಾತೇ ಇಲ್ಲ. ರಿಪೇರಿಗೆ ದುಡ್ಡು ಕೇಳುವ ಬಾಯಿ ನನಗೂ ಇಲ್ಲ. ಹಾಗಾಗಿ ಫೋನ್ ಕಡಿಮೆ ಬರುವ ದಾರಿಯೇ ನನಗೆ ಅಗ್ಗ. ಒಬ್ಬರೇ ಕೂತು, ಒಂದೇ ಸಲ ಓಡಿಸಿ ಎಸೆಯುವ ಕೋಡಾದರೆ ಸೆಟ್‌ವಾರ್ನಿಂಗ್ಸ್ ನಡೆದೀತು. ಬೇರೆಯವರ ಕೈಗೆ ಕೊಡುವ ಫೈಲಿಗೆ ನಾನಂತೂ ಹಾಕಲ್ಲ.

ಕೇಳುವುದನ್ನು ಪೂರ್ತಿ ಬಿಟ್ಟಿಲ್ಲ ಬಿಡಿ. ಮೆಸೇಜ್ ಬಾಕ್ಸಿನಲ್ಲಿ ಕನ್ನಡ ಹಾಕಲು ಹೋದರೆ ವಿಬಿಎ ಬರೀ ಪ್ರಶ್ನೆ ಚಿಹ್ನೆ ತೋರಿಸಿತು. ಅದಕ್ಕೇ ಒಂದು ಪುಟ್ಟ ಫಾರ್ಮ್ ಮಾಡಿ, ಲೇಬಲ್‌ನಲ್ಲಿ 'ತೀರಿದ 37 ಉದ್ರಿ ಅಳಿಸಲೇ?' ಅಂತ ಬರುವ ಹಾಗೆ ಮಾಡಿದ್ದೇನೆ. ಕೆಳಗೆ ಹೌದು, ಬೇಡ. ಅಕ್ಕನಿಗೆ ಓದುವ ಮೊದಲೇ ಎಂಟರ್ ಒತ್ತುವ ಅಭ್ಯಾಸ. ಅದಕ್ಕೆ ಎಂಟರ್ ಒತ್ತಿದರೆ 'ಬೇಡ' ಆಗುವಂತೆ ಇಟ್ಟಿದ್ದೇನೆ.