ಕರಾವಳಿಯ ಲ್ಯಾಬಿನಲ್ಲಿ ರೇಡಿಯಾಕೋಡ್ 103ಜಿ

ರೇಡಿಯಾಕೋಡ್ 103ಜಿ ಅಂದರೆ ಗಾಮಾ ಕಿರಣಗಳ ಶಕ್ತಿ ಅಳೆದು, ಅವು ಯಾವ ವಿಕಿರಣಶೀಲ ವಸ್ತುವಿನಿಂದ ಬಂದವು ಅಂತ ತೋರಿಸುವ ಜೇಬಿನ ಗಾತ್ರದ ಉಪಕರಣ. ಇದರಲ್ಲಿ ನೀವು ದುಡ್ಡು ಕೊಡುವುದು ಒಳಗಿರುವ ಹರಳಿಗೆ. ಪರದೆ, ಬ್ಲೂಟೂತ್, ಆ್ಯಪ್ ಎಲ್ಲ ಆಮೇಲಿನ ಮಾತು. ಹರಳು ಇರುವುದು ಒಂದೇ ಒಂದು ಘನ ಸೆಂಟಿಮೀಟರ್. ಅದರ ಹೆಸರು ಗ್ಯಾಗ್. ಗಡೋಲಿನಿಯಂ, ಅಲ್ಯುಮಿನಿಯಂ, ಗ್ಯಾಲಿಯಂ ಸೇರಿದ ಗಾರ್ನೆಟ್ (ಗಾರ್ನೆಟ್ ಕಲ್ಲಿನದೇ ರಚನೆಯ ಹರಳು), ಒಳಗೆ ಸ್ವಲ್ಪವೇ ಸ್ವಲ್ಪ ಸೀರಿಯಂ. ಗಾಮಾ ಕಿರಣ ತಾಗಿದರೆ ಹಸಿರು ಬೆಳಕಿನ ಒಂದು ಕಿಡಿ ಹಾರುತ್ತದೆ. ಪಕ್ಕದಲ್ಲೇ ಕೂರಿಸಿದ ಸಿಲಿಕಾನ್ ಫೋಟೊಮಲ್ಟಿಪ್ಲೈಯರ್ ಆ ಬೆಳಕನ್ನು ಅಳೆಯುತ್ತದೆ. ಬೆಳಕು ಎಷ್ಟು ಬಂತು ಎನ್ನುವುದರಿಂದ ಕಿರಣದ ಶಕ್ತಿ ಎಷ್ಟಿತ್ತು ಅಂತ ಗೊತ್ತಾಗುತ್ತದೆ. ಹೀಗೆ ಕಿಡಿ ಹಾರಿಸುವ ವಸ್ತುಗಳೇ ಸಿಂಟಿಲೇಟರ್‌ಗಳು.

ನಾನು ದಕ್ಷಿಣ ಕನ್ನಡದ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ನ್ಯೂಕ್ಲಿಯರ್ ಲ್ಯಾಬ್ ನೋಡಿಕೊಳ್ಳುವ ಜವಾಬ್ದಾರಿಯೂ ನನ್ನದೇ. ಹಾಗಾಗಿ ಈ ವಿಮರ್ಶೆ ಬರೆಯುತ್ತಿರುವುದು ಗ್ಯಾಜೆಟ್ ಹುಚ್ಚಿನಿಂದಲ್ಲ. ನಮ್ಮ ಊರಿನ ಹವೆಗೆ, ನಮ್ಮ ಮಕ್ಕಳ ಕಲಿಕೆಗೆ ಇದು ಆಗುತ್ತದೆಯೋ ಇಲ್ಲವೋ ಎನ್ನುವುದಷ್ಟೇ ನನ್ನ ಪ್ರಶ್ನೆ. ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಯಾಕೆ ಅಂತ ಹೇಳಬೇಕಾದರೆ ಹಳೆಯ ಹರಳಿನಿಂದ ಶುರು ಮಾಡಬೇಕು.

ನಮ್ಮಂಥ ಲ್ಯಾಬುಗಳಲ್ಲಿ ಇರುವುದು ಸೋಡಿಯಂ ಅಯೋಡೈಡ್. ಥ್ಯಾಲಿಯಂ ಬೆರೆಸಿದ ಈ ಹರಳು ಒಳ್ಳೆಯ ಸಿಂಟಿಲೇಟರ್ ಅಂತ 1948ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ಹಾಫ್‌ಸ್ಟಾಡ್ಟರ್. ಇಷ್ಟು ವರ್ಷವಾದರೂ ಅದು ಮೂಲೆಗೆ ಸೇರಿಲ್ಲ, ಸೇರುವಂಥದ್ದೂ ಅಲ್ಲ. ದೊಡ್ಡ ಗಾತ್ರದಲ್ಲಿ ಬೆಳೆಸಬಹುದು, ಬೆಲೆ ಕಡಿಮೆ, ಬೆಳಕು ಧಾರಾಳ. ಆದರೆ ಅದು ಉಪ್ಪು. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ನೀರೊಡೆಯುವ ಹಾಗೆಯೇ ಇದೂ ತೇವ ಎಳೆದುಕೊಳ್ಳುತ್ತದೆ. ಅದಕ್ಕೇ ಅಲ್ಯುಮಿನಿಯಂ ಡಬ್ಬಿಯಲ್ಲಿ ಗಾಜಿನ ಕಿಟಕಿ ಇಟ್ಟು ಸೀಲ್ ಮಾಡಿರುತ್ತಾರೆ. ಜೂನ್ ತಿಂಗಳ ಕರಾವಳಿ ಗಾಳಿ ಎಂಥ ಸೀಲನ್ನೂ ಪರೀಕ್ಷೆಗೆ ಒಡ್ಡುತ್ತದೆ.

ನಮ್ಮಲ್ಲಿದ್ದ ಒಂದು ಹಳೆಯ ಡಿಟೆಕ್ಟರ್ ಮಂಕಾಗುತ್ತಾ ಬಂತು. ಯಾವ ಶಕ್ತಿಯ ಕಿರಣ ಎಷ್ಟು ಬಂತು ಅಂತ ತೋರಿಸುವ ನಕ್ಷೆಯೇ ಸ್ಪೆಕ್ಟ್ರಮ್. ಸೀಸಿಯಂ-137 ಇಟ್ಟರೆ ಅದರಲ್ಲಿ 662 ಕೆಇವಿಯಲ್ಲಿ (ಕೆಇವಿ ಅಂದರೆ ಕಿರಣದ ಶಕ್ತಿಯ ಅಳತೆ) ಚೂಪಾಗಿ ಬರಬೇಕಾದ ಶಿಖರ ಅಗಲವಾಗಿ ಕುಳಿತುಬಿಡುತ್ತಿತ್ತು. ಕೋಬಾಲ್ಟ್-60ರ 1173 ಮತ್ತು 1332, ಈ ಎರಡು ಶಿಖರಗಳ ನಡುವಿನ ಕಣಿವೆ ತುಂಬಿಹೋಗಿತ್ತು. ಕೊನೆಗೆ ಹರಳನ್ನು ಫೋಟೊಮಲ್ಟಿಪ್ಲೈಯರ್ ಟ್ಯೂಬಿನಿಂದ (ಸಾವಿರ ವೋಲ್ಟಿನಲ್ಲಿ ನಡೆಯುವ, ಬೆಳಕು ಅಳೆಯುವ ಹಳೆಯ ಗಾಜಿನ ಕೊಳವೆ) ಬಿಡಿಸಿ, ಕಿಟಕಿಯ ಕಡೆಯಿಂದ ಟಾರ್ಚ್ ಬಿಟ್ಟು ನೋಡಿದೆ. ನೀರಿನಂತೆ ತಿಳಿಯಾಗಿರಬೇಕಾದ ಹರಳಿನ ಅಂಚಿನ ಸುತ್ತ ಹಳದಿ ಬಣ್ಣ. ತೇವ ಒಳಹೊಕ್ಕು ಅಯೋಡಿನ್ ಬಿಟ್ಟುಕೊಂಡಿತ್ತು. ಆ ಹಳದಿ ಬಣ್ಣ 415 ನ್ಯಾನೊಮೀಟರಿನ ನೀಲಿ ಬೆಳಕನ್ನೇ ನುಂಗುತ್ತದೆ. ಹರಳು ಹುಟ್ಟಿಸಿದ ಬೆಳಕು ಹರಳಿನೊಳಗೇ ಸತ್ತುಹೋಗುತ್ತದೆ.

ಗ್ಯಾಗ್‌ಗೆ ಈ ತೊಂದರೆಯೇ ಇಲ್ಲ. ಅದು ಆಕ್ಸೈಡ್. ಬರಿಗೈಯಲ್ಲಿ ಹಿಡಿದರೂ, ನೀರಿಗೆ ಹಾಕಿದರೂ ಅದಕ್ಕೆ ಏನೂ ಆಗುವುದಿಲ್ಲ. ಸಾಂದ್ರತೆ ಘನ ಸೆಂಟಿಮೀಟರಿಗೆ 6.6 ಗ್ರಾಂ, ಸೋಡಿಯಂ ಅಯೋಡೈಡಿನದು 3.67. ಅಂದರೆ ಅಷ್ಟೇ ಜಾಗದಲ್ಲಿ ಜಾಸ್ತಿ ಗಾಮಾ ಕಿರಣ ತಡೆಯುತ್ತದೆ. ಒಂದು ಎಂಇವಿ (ಸಾವಿರ ಕೆಇವಿ) ಶಕ್ತಿಗೆ ಸೋಡಿಯಂ ಅಯೋಡೈಡ್ 38 ಸಾವಿರದಷ್ಟು ಫೋಟಾನ್ (ಬೆಳಕಿನ ಕಣ) ಕೊಟ್ಟರೆ ಗ್ಯಾಗ್ 50 ಸಾವಿರದ ಆಸುಪಾಸಿನಲ್ಲಿ ಕೊಡುತ್ತದೆ. ಅದೂ 520-540 ನ್ಯಾನೊಮೀಟರಿನ ಹಸಿರು ಬೆಳಕು. ಸಿಲಿಕಾನ್ ಸೆನ್ಸರ್‌ಗೆ ಇದು ಚೆನ್ನಾಗಿ ಹೊಂದುತ್ತದೆ. ಟ್ಯೂಬೂ ಬೇಡ, ಸಾವಿರ ವೋಲ್ಟೂ ಬೇಡ. ಜೇಬಿಗೆ ಹಿಡಿಯುವ ಸ್ಪೆಕ್ಟ್ರೋಮೀಟರ್ ಸಾಧ್ಯವಾದದ್ದೇ ಹೀಗೆ.

ಇಂಥ ಹರಳು ಸುಮ್ನೆ ಸಿಕ್ಕಿದ್ದಲ್ಲ. ನನಗೆ ಈ ಉಪಕರಣದಲ್ಲಿ ಅತ್ಯಂತ ಇಷ್ಟವಾದ ವಿಷಯ ಇದು. ಬರೀ ಗಡೋಲಿನಿಯಂ ಅಲ್ಯುಮಿನಿಯಂ ಗಾರ್ನೆಟ್ ಬೆಳೆಸಲು ಹೋದರೆ ಕರಗಿದ ದ್ರವದಿಂದ ಅದು ಸರಿಯಾಗಿ ಹರಳುಗಟ್ಟುವುದಿಲ್ಲ. ಗ್ಯಾಲಿಯಂ ಸೇರಿಸಿದರೆ ಗಾರ್ನೆಟ್ ರಚನೆ ನಿಲ್ಲುತ್ತದೆ. ಜೊತೆಗೆ ಇನ್ನೊಂದು ಲಾಭವೂ ಸಿಕ್ಕಿತು. ಹರಳಿನ ದೋಷಗಳಲ್ಲಿ ಎಲೆಕ್ಟ್ರಾನುಗಳು ಸಿಕ್ಕಿಹಾಕಿಕೊಂಡು ಬೆಳಕು ತಡವಾಗಿ ಬರುವುದು ಗಾರ್ನೆಟ್‌ಗಳ ಹಳೆಯ ಕಾಯಿಲೆ. ಗ್ಯಾಲಿಯಂ ಸೇರಿದಾಗ ಕಂಡಕ್ಷನ್ ಬ್ಯಾಂಡಿನ (ಹರಳಿನಲ್ಲಿ ಎಲೆಕ್ಟ್ರಾನುಗಳು ಬಿಡುಬೀಸಾಗಿ ಓಡಾಡುವ ಶಕ್ತಿಯ ಮಟ್ಟ) ತಳ ಕೆಳಗಿಳಿದು ಆ ಗುಂಡಿಗಳನ್ನೇ ಮುಚ್ಚಿಬಿಡುತ್ತದೆ. ಹಾಗಂತ ಗ್ಯಾಲಿಯಂ ಅತಿಯಾದರೆ ಸೀರಿಯಂನ ಎಲೆಕ್ಟ್ರಾನೇ ಬ್ಯಾಂಡಿಗೆ ತಪ್ಪಿಸಿಕೊಂಡು ಬೆಳಕು ಕುಗ್ಗುತ್ತದೆ. ಎಲ್ಲಿ ನಿಲ್ಲಿಸಬೇಕು ಅಂತ ಒಂದೊಂದೇ ಮಿಶ್ರಣ ಬೆಳೆಸಿ ನೋಡಬೇಕಾಯಿತು. ಜಪಾನಿನ ಕೇ ಕಮಾದ, ಅಕಿರಾ ಯೋಶಿಕಾವಾ, ಪ್ರಾಗ್‌ನ ಮಾರ್ಟಿನ್ ನಿಕ್ಲ್ ಮುಂತಾದವರ ತಂಡ 2011ರಲ್ಲಿ ಈ ಕೆಲಸ ಪ್ರಕಟಿಸಿತು. ಮೂರು ಪಾಲು ಗ್ಯಾಲಿಯಂ, ಎರಡು ಪಾಲು ಅಲ್ಯುಮಿನಿಯಂ ಇರುವ ಮಿಶ್ರಣ ಈಗ ಎಲ್ಲ ಕಡೆ ಬಳಕೆಯಲ್ಲಿದೆ.

ಬೆಳೆಸುವುದೂ ಸುಲಭವಲ್ಲ. 1,800 ಡಿಗ್ರಿ ಸೆಲ್ಸಿಯಸ್ ದಾಟಿದ ಕರಗಿದ ದ್ರವಕ್ಕೆ ಬೀಜದ ಹರಳು ತಾಗಿಸಿ, ತಿರುಗಿಸುತ್ತಾ ನಿಧಾನವಾಗಿ ಮೇಲಕ್ಕೆ ಎಳೆಯಬೇಕು. ಆ ಶಾಖ ತಡೆಯಲು ಇರಿಡಿಯಂ ಮೂಸೆ ಬೇಕು. ಇರಿಡಿಯಂ ಬೆಲೆ ಕೇಳುವುದೇ ಬೇಡ. ಅಷ್ಟು ಬಿಸಿಗೆ ಗ್ಯಾಲಿಯಂ ಆಕ್ಸೈಡ್ ಆವಿಯಾಗಿ ಹೋಗುತ್ತದೆ. ತಡೆಯೋಣ ಅಂತ ಒಳಗೆ ಆಮ್ಲಜನಕ ಬಿಟ್ಟರೆ ಇರಿಡಿಯಂ ಮೂಸೆಯೇ ಸವೆಯುತ್ತದೆ. ಈ ಎರಡರ ಮಧ್ಯೆ ಹದ ಹಿಡಿಯಬೇಕು. ನಮ್ಮ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದವರೂ ಈ ಹರಳನ್ನು ಬೆಳೆಸಿದ್ದಾರೆ. ಸೀರಿಯಂ ಜೊತೆ ಬೋರಾನ್ ಕೂಡ ಸೇರಿಸಿ ಗುಣ ಹೆಚ್ಚಿಸಲು ನೋಡಿದ್ದಾರೆ. ಅವರ ಹರಳು ಹಾಕಿದ ಇಂಥದ್ದೇ ಒಂದು ಸಣ್ಣ ಉಪಕರಣ ನಮ್ಮ ಕಾಲೇಜುಗಳ ಕೈಗೆಟಕುವ ಬೆಲೆಗೆ ಬರಬೇಕು ಎನ್ನುವುದು ನನ್ನ ಬಹಳ ದಿನದ ಆಸೆ.

ಇನ್ನು ಬಳಕೆಯ ಮಾತು. ಕಂಪನಿ ಹೇಳುವ ರೆಸಲ್ಯೂಶನ್, ಅಂದರೆ ಶಿಖರದ ಅಗಲ ಅದರ ಶಕ್ತಿಯ ಶೇಕಡಾ ಎಷ್ಟು ಎನ್ನುವುದು, 662 ಕೆಇವಿಯಲ್ಲಿ ಶೇ. 7.4. ಇದೇ ಸರಣಿಯ 103ರಲ್ಲಿ ಸೀಸಿಯಂ ಅಯೋಡೈಡ್ ಹರಳಿದೆ, ಅದರದು ಶೇ. 8.4. ಈ ಸಂಖ್ಯೆ ಸಣ್ಣದಿದ್ದಷ್ಟೂ ಒಳ್ಳೆಯದು. ಶೇ. 1 ಅಂದರೆ ಕೇಳಲು ಏನೂ ಅಲ್ಲ, ಆದರೆ ಪರದೆಯ ಮೇಲೆ ಕಾಣುತ್ತದೆ. ಕೋಬಾಲ್ಟಿನ ಎರಡು ಶಿಖರಗಳು ಬೇರೆ ಬೇರೆಯಾಗಿ ಎದ್ದು ನಿಲ್ಲುತ್ತವೆ. ಬೆಳಕು ಎಷ್ಟು ಬರುತ್ತದೆ ಎನ್ನುವುದೊಂದೇ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಶಕ್ತಿಗೆ ತಕ್ಕ ಹಾಗೆ ಒಂದೇ ಪ್ರಮಾಣದಲ್ಲಿ ಬರಬೇಕು. ಸೀಸಿಯಂ ಅಯೋಡೈಡ್ ಬೆಳಕಿನಲ್ಲಿ ಗ್ಯಾಗ್‌ಗೆ ಏನೂ ಕಡಿಮೆಯಿಲ್ಲ, ಆದರೂ ಹಿಂದೆ ಬೀಳುತ್ತದೆ.

ನಾನು ಇದನ್ನು ನಿಜವಾಗಿ ಪರೀಕ್ಷಿಸಿದ್ದು ಉಳ್ಳಾಲದ ಕಡಲತೀರದಲ್ಲಿ. ಅಲ್ಲಿಯ ಮರಳಿನಲ್ಲಿ ಥೋರಿಯಂ ಇರುವುದು ಮಂಗಳೂರು ವಿಶ್ವವಿದ್ಯಾಲಯದವರ ಅಧ್ಯಯನಗಳಿಂದ ಗೊತ್ತಿರುವ ವಿಷಯ. ಅಲೆ ಬಂದು ಹೋದ ಮೇಲೆ ಬಿಳಿ ಮರಳಿನ ನಡುವೆ ಕಪ್ಪು ಪಟ್ಟಿ ಉಳಿಯುತ್ತದೆ. ಕಪ್ಪಾಗಿ ಕಾಣುವುದು ಹೆಚ್ಚಾಗಿ ಇಲ್ಮೆನೈಟ್. ಥೋರಿಯಂ ಇರುವುದು ಅದರ ಜೊತೆ ಬೆರೆತ ಕಂದು-ಹಳದಿ ಮೋನಜೈಟ್ ಕಣಗಳಲ್ಲಿ. ಉಪಕರಣವನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಿಳಿ ಮರಳಿನ ಮೇಲಿಂದ ಕಪ್ಪು ಪಟ್ಟಿಗೆ ಸರಿಸಿದರೆ ಎಣಿಕೆ ಕೂಡಲೇ ಏರುತ್ತದೆ. ಜೊತೆಗೆ ಬಂದಿದ್ದ ವಿದ್ಯಾರ್ಥಿನಿಯೊಬ್ಬಳು, "ಮೇಡಂ, ಇಷ್ಟೇ ಆದ್ರೆ ಗೈಗರ್ ಕೌಂಟರ್ ಸಾಕಿತ್ತಲ್ವಾ?" ಅಂದಳು. ಸರಿಯಾದ ಪ್ರಶ್ನೆ. ಸ್ವಲ್ಪ ಹೊತ್ತು ಕಾಯೋಣ ಅಂದೆ.

ಸ್ಪೆಕ್ಟ್ರಮ್ ತುಂಬುತ್ತಾ ಬಂದಾಗ ಮೊದಲು ಎದ್ದದ್ದು 239 ಕೆಇವಿ. ಅದು ಸೀಸ-212. ಆಮೇಲೆ 338, ಆಕ್ಟಿನಿಯಂ-228ರದು. 583ರಲ್ಲಿ ಥ್ಯಾಲಿಯಂ-208. ಹೆಸರಿಟ್ಟು ಕರೆದ ಹಾಗೆ ಥೋರಿಯಂ ಸಂತತಿಯ ಒಬ್ಬೊಬ್ಬರೂ ಎದ್ದುಬಂದರು. ಗೈಗರ್ ಕೌಂಟರ್ ಎಷ್ಟು ಇದೆ ಅಂತ ಹೇಳುತ್ತದೆ, ಯಾವುದು ಇದೆ ಅಂತ ಹೇಳುವುದಿಲ್ಲ. ಆ ಹುಡುಗಿ ಮರಳಿನ ಮೇಲೆ ಮಂಡಿಯೂರಿ ಕೂತು ಒಂದೊಂದು ಶಿಖರವನ್ನೂ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡಳು. ಡಿಕೇ ಸೀರೀಸ್ (ಒಂದು ವಿಕಿರಣಶೀಲ ಧಾತು ಕ್ಷಯಿಸಿ ಇನ್ನೊಂದಾಗುತ್ತಾ ಹೋಗುವ ಸಾಲು) ಅಂತ ಬೋರ್ಡಿನ ಮೇಲೆ ಎಷ್ಟು ಬರೆದರೂ ಹೀಗೆ ತಲೆಗೆ ಹೋಗುವುದಿಲ್ಲ.

ಮಿತಿಗಳೂ ಅಲ್ಲೇ ಕಂಡವು. ಆಕ್ಟಿನಿಯಂನ 911 ಮತ್ತು 969 ಬೇರೆಯಾಗಲಿಲ್ಲ, ಒಂದೇ ಅಗಲವಾದ ಗುಡ್ಡ. ಶೇ. 7ರ ಹರಳಿಗೆ ಅದು ಆಗದ ಕೆಲಸ. ಶೇ. 3ಕ್ಕೆ ಇಳಿಯುವ ಲ್ಯಾಂಥನಂ ಬ್ರೋಮೈಡ್ ಇದ್ದರೆ ಎರಡೂ ಬೇರೆ ಕಾಣುತ್ತವೆ. ಆದರೆ ಅದಕ್ಕೂ ತೇವ ಆಗದು, ಬೆಲೆಯಂತೂ ಬೇರೆಯದೇ ಮಟ್ಟ. ಅಲ್ಲದೆ ಲ್ಯಾಂಥನಂ-138 ತಾನೇ ವಿಕಿರಣಶೀಲ. ಅದರ 1436 ಕೆಇವಿ ಕಿರಣ ಪೊಟ್ಯಾಸಿಯಂ-40ರ 1461ರ ಪಕ್ಕದಲ್ಲೇ ಬಂದು ಕೂರುತ್ತದೆ. ಮಣ್ಣು, ಕಲ್ಲು ಅಳೆಯುವವರಿಗೆ ಇದು ದೊಡ್ಡ ತಲೆನೋವು. ಗ್ಯಾಗ್‌ನಲ್ಲಿ ಹೇಳಿಕೊಳ್ಳುವಂಥ ಸ್ವಂತ ವಿಕಿರಣ ಇಲ್ಲ. ಪರಿಸರದ ಅಳತೆಗೆ ನಾನು ಇದನ್ನೇ ಮೆಚ್ಚಲು ಇದೂ ಒಂದು ಕಾರಣ.

ಇನ್ನೊಂದು ಮಿತಿ ಗಾತ್ರದ್ದು. ಎರಡು ಇಂಚಿನ ಸೋಡಿಯಂ ಅಯೋಡೈಡ್ ಹರಳು ನೂರು ಘನ ಸೆಂಟಿಮೀಟರ್ ಇರುತ್ತದೆ, ಇದು ಒಂದು. ಥ್ಯಾಲಿಯಂ-208ರ 2615 ಕೆಇವಿ ಕಿರಣ ಇದರೊಳಗೆ ಪೂರ್ತಿ ನಿಲ್ಲುವುದು ಅಪರೂಪ. ಪೊಟ್ಯಾಸಿಯಂ ಕ್ಲೋರೈಡ್ ಬಾಟಲಿಗೆ ಒರಗಿಸಿ 1461 ನೋಡಬೇಕಾದರೆ ರಾತ್ರಿಯಿಡೀ ಬಿಡಬೇಕು. ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲಿಟ್ಟು ಹತ್ತು ನಿಮಿಷಕ್ಕೆ ಉತ್ತರ ಬೇಕು ಅಂದರೆ ಆಗುವುದಿಲ್ಲ. ಯಕ್ಷಗಾನಕ್ಕೆ ಹಚ್ಚುತ್ತಿದ್ದ ಹಳೆಯ ಗ್ಯಾಸ್‌ಲೈಟಿನ ಮ್ಯಾಂಟಲ್ ಮನೆಯಲ್ಲಿದ್ದು, ಅದು ಥೋರಿಯಂ ಹಾಕಿದ ಕಾಲದ್ದಾದರೆ ಮಾತ್ರ ಬೇಗ ತೋರಿಸುತ್ತದೆ.

ಹೊಸ ಹರಳುಗಳ ಸುದ್ದಿ ಬರುತ್ತಲೇ ಇರುತ್ತದೆ. ಯುರೋಪಿಯಂ ಬೆರೆಸಿದ ಸ್ಟ್ರಾನ್ಷಿಯಂ ಅಯೋಡೈಡಿಗೆ ಹಾಫ್‌ಸ್ಟಾಡ್ಟರ್ 1968ರಲ್ಲೇ ಪೇಟೆಂಟ್ ಪಡೆದಿದ್ದರು. ಅದು ಶೇ. 3ರ ಹರಳು ಅಂತ ಜನಕ್ಕೆ ತಿಳಿದದ್ದು ಸುಮಾರು 40 ವರ್ಷದ ನಂತರ, ಅಮೆರಿಕದ ಲಿವರ್ಮೋರ್ ಲ್ಯಾಬಿನವರು ಮತ್ತೆ ಕೈಗೆತ್ತಿಕೊಂಡಾಗ. ಅದೂ ತೇವ ಕುಡಿಯುವ ಹರಳೇ. ಹಾಗಾಗಿ ಶೇಕಡಾವಾರು ಸಂಖ್ಯೆ ಒಂದನ್ನೇ ನೋಡಿ ಹರಳು ಆರಿಸಬೇಡಿ. ನಿಮ್ಮ ಊರಿನ ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಯಾರು ಕೊಳ್ಳಬೇಕು? ಪಾಠ ಮಾಡುವವರು, ಮಣ್ಣು-ಕಲ್ಲು-ಮರಳಿನ ಬೆನ್ನು ಹತ್ತಿದ ವಿದ್ಯಾರ್ಥಿಗಳು ಧೈರ್ಯವಾಗಿ ಕೊಳ್ಳಬಹುದು. ಬರೀ ಡೋಸ್ (ಮೈಗೆ ತಾಗುವ ವಿಕಿರಣದ ಪ್ರಮಾಣ) ಎಷ್ಟಿದೆ ಅಂತ ನೋಡಬೇಕಾದವರಿಗೆ ಸೀಸಿಯಂ ಅಯೋಡೈಡಿನ ಮಾಡೆಲ್ ಸಾಕು, ದುಡ್ಡೂ ಉಳಿಯುತ್ತದೆ. ಕಾಯುವ ತಾಳ್ಮೆ ಇಲ್ಲದವರು ಇದೇ ಸರಣಿಯ, 14 ಮಿಲಿಮೀಟರ್ ಅಂಚಿನ ಹರಳಿರುವ 110 ಮಾಡೆಲ್ ನೋಡಿ. ರೆಸಲ್ಯೂಶನ್ ಸ್ವಲ್ಪ ಕಡಿಮೆ, ಎಣಿಕೆ ಜಾಸ್ತಿ. ಮನೆಯ ರೇಡಾನ್ ಅನಿಲ ಅಳೆಯಲು ಇವು ಯಾವುವೂ ಅಲ್ಲ, ಅದಕ್ಕೆ ಬೇರೆ ಸಾಧನ ಇದೆ. ಕೊಂಡ ಮೇಲೆ ಮೊದಲು ಮಾಡಬೇಕಾದ ಕೆಲಸ, ಏನೂ ಹತ್ತಿರವಿಲ್ಲದ ಜಾಗದಲ್ಲಿ ಒಂದು ಇಡೀ ರಾತ್ರಿ ಬ್ಯಾಕ್‌ಗ್ರೌಂಡ್ ಸ್ಪೆಕ್ಟ್ರಮ್ ತೆಗೆದು ಉಳಿಸಿಕೊಳ್ಳುವುದು. ಅದನ್ನು ಕಳೆಯದೆ ನೋಡಿದರೆ ಗೋಡೆಯ ಪೊಟ್ಯಾಸಿಯಂ ಕೂಡ ನಿಮ್ಮ ಸ್ಯಾಂಪಲಿನ ಲೆಕ್ಕಕ್ಕೆ ಸೇರಿಬಿಡುತ್ತದೆ.