ಸೋಲಾರ್ ಬೇಲಿ: ಹಂದಿಗೆ ಸರಿ, ಮಂಗನಿಗೆ ದುಡ್ಡು ದಂಡ

ಸೋಲಾರ್ ಬೇಲಿಯ ಮಿಷನ್ ಬರುವ ಡಬ್ಬಿಯ ಮೇಲೆ ನಾಲ್ಕು ಚಿತ್ರ ಇದೆ. ಆನೆ, ಹಂದಿ, ಮಂಗ, ನವಿಲು. ಕೆಳಗೆ "ಎಲ್ಲ ಪ್ರಾಣಿಗಳಿಂದ ಪೂರ್ತಿ ರಕ್ಷಣೆ" ಎಂದು ದೊಡ್ಡ ಅಕ್ಷರ. ಉಡುಪಿ ಜಿಲ್ಲೆಯ ನಮ್ಮ ಪೆರ್ಡೂರು ಕಡೆ ಆನೆಯ ಕಾಟ ಇಲ್ಲ, ಅದನ್ನು ಸುಳ್ಯದವರ ಹತ್ತಿರ ಕೇಳಿ. ಉಳಿದ ಮೂರೂ ನಮ್ಮಲ್ಲಿ ಧಾರಾಳ ಉಂಟು. ಹಾಗಾಗಿ ಈ ಬೇಲಿ ಹಾಕಿಸಬೇಕು ಅಂತಿರುವವರಿಗೆ ನನ್ನ ಅನುಭವ ಹೇಳಿಬಿಡುತ್ತೇನೆ.

ನಮ್ಮದು ಎರಡು ಎಕರೆ ಅಡಿಕೆ, ತೆಂಗು. ನಡುವೆ ಬಾಳೆ. ಕೆಳಗಿನ ಬೈಲಿನಲ್ಲಿ ಅರ್ಧ ಎಕರೆ ಗದ್ದೆ. ಏಣೆಲಿಗೆ, ಅಂದರೆ ಮಳೆಗಾಲದ ಬೆಳೆಗೆ, ಎಂಒ 4 ತಳಿಯ ಭತ್ತ ಹಾಕುತ್ತೇವೆ. ಯಜಮಾನರು ದುಬೈಯಲ್ಲಿ. ತೋಟ ನೋಡಿಕೊಳ್ಳುವುದು ನಾನು, ನನ್ನ ಮೇಲೆ ಕಣ್ಣಿಡುವುದು ಅತ್ತೆ. ಅಂಗಡಿಯ ಹೆಸರಾಗಲಿ ಕಂಪನಿಯ ಹೆಸರಾಗಲಿ ಇಲ್ಲಿ ಬೇಡ. ಯಾವ ಕಂಪನಿಯದ್ದಾದರೂ ಜನ ಹೇಳುವುದು ಐಬೆಕ್ಸ್ ಬೇಲಿ ಅಂತಲೇ, ನಮ್ಮದು ಬೇರೆಯದ್ದು.

ಮಿಷನ್, ಪ್ಯಾನಲ್, ಬ್ಯಾಟರಿ ಸೇರಿ ₹18,000 ಎಂದರು. ಕೇಳಲು ಅಗ್ಗ. ಕಂಬ, ತಂತಿ, ಇನ್ಸುಲೇಟರ್, ಅರ್ತಿಂಗ್ ರಾಡ್, ಕೂಲಿ ಎಲ್ಲ ಸೇರುವಾಗ ₹60,000 ದಾಟಿತು. ಈ ಎರಡನೇ ಲೆಕ್ಕವನ್ನು ಅಂಗಡಿಯಲ್ಲಿ ಯಾರೂ ಮೊದಲೇ ಹೇಳುವುದಿಲ್ಲ. ಅರಣ್ಯ ಇಲಾಖೆಯಲ್ಲಿ ಸೋಲಾರ್ ಬೇಲಿಗೆ ಸಬ್ಸಿಡಿ ಉಂಟು. ಗುಂಡಿ ತೋಡುವ ಮೊದಲೇ ವಲಯ ಕಚೇರಿಗೆ ಹೋಗಿ ವಿಚಾರಿಸಿ.

ಇದು ಕೆಲಸ ಮಾಡುವ ರೀತಿ ಗೊತ್ತಿದ್ದರೆ ಮುಂದಿನ ತಲೆನೋವು ಅರ್ಧ ಕಡಿಮೆ. ಬ್ಯಾಟರಿ ಬರೀ 12 ವೋಲ್ಟಿನದು. ಅದನ್ನು ಮಿಷನ್ ಸಾವಿರಾರು ವೋಲ್ಟಿಗೆ ಏರಿಸಿ, ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಸಲ ತಂತಿಗೆ ಬಿಡುತ್ತದೆ. ಅದೂ ಮಿಲಿಸೆಕೆಂಡಿನ ಲೆಕ್ಕದಲ್ಲಿ, ಸಣ್ಣ ಪ್ರಮಾಣದಲ್ಲಿ. ಹೊಡೆತ ಜೋರು, ಆದರೆ ಕೂಡಲೇ ನಿಲ್ಲುತ್ತದೆ, ಮುಟ್ಟಿದವರು ಹಿಂದೆ ಹಾರಲು ಸಮಯ ಸಿಗುತ್ತದೆ. ನನಗೂ ಹೊಡೆದಿದೆ, ಮೊಣಕೈವರೆಗೆ ಜುಮ್ ಅಂದಿತು. ಮನೆಯ 230 ವೋಲ್ಟ್ ಹಾಗಲ್ಲ. ಅದು ನಿಲ್ಲದೆ ಹರಿಯುತ್ತದೆ, ಸ್ನಾಯು ಬಿಗಿದು ಹಿಡಿದ ತಂತಿ ಬಿಡಲು ಆಗುವುದಿಲ್ಲ. ರಾತ್ರಿ ಪಂಪ್‌ಶೆಡ್ಡಿನಿಂದ ನೇರ ತಂತಿ ಎಳೆದು ಹಂದಿ ಕಾಯುವವರು ಈಗಲೂ ಇದ್ದಾರೆ. ಆ ತಂತಿಗೆ ದನ, ನಾಯಿ, ಬೆಳಿಗ್ಗೆ ತೋಟಕ್ಕೆ ನೀರು ಬಿಡಲು ಹೋದ ಮನುಷ್ಯರು ಕೂಡ ಸತ್ತ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಅದು ಅಪರಾಧ, ಅಷ್ಟೆ. ಅದನ್ನೂ ಸೋಲಾರ್ ಬೇಲಿಯನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಇನ್ನು ಹಂದಿ. ಇಲ್ಲಿ ಈ ಬೇಲಿಗೆ ನಾನು ಪೂರ್ತಿ ಮಾರ್ಕು ಕೊಡುತ್ತೇನೆ. ಮೊದಲೆಲ್ಲ ಭತ್ತಕ್ಕೆ ಹಾಲು ತುಂಬುವ ಹೊತ್ತಿಗೆ ಸರಿಯಾಗಿ ಗುಂಪು ಇಳಿಯುತ್ತಿತ್ತು. ತಿನ್ನುವುದು ಸ್ವಲ್ಪ, ಹೊರಳಾಡಿ ಹಾಳು ಮಾಡುವುದೇ ಜಾಸ್ತಿ. ಮರಗೆಣಸು ನೆಡುವುದನ್ನಂತೂ ನಾವು ಬಿಟ್ಟೇಬಿಟ್ಟಿದ್ದೆವು. ಬೇಲಿ ಹಾಕಿದ ಮೇಲೆ ಒಂದು ರಾತ್ರಿ ಕೆಳಗಿನಿಂದ ಕಿರುಚಾಟ ಕೇಳಿಸಿತು. ಅತ್ತೆ ಎದ್ದು ಕೂತು, "ಪೂಜೆ ಆಯ್ತು" ಎಂದರು. ಆಮೇಲೆ ಹೆಜ್ಜೆ ಗುರುತು ಬೇಲಿಯ ಹೊರಗಡೆಗೇ ಉದ್ದಕ್ಕೆ ಇರುತ್ತಿತ್ತು, ಒಳಗೆ ಇಲ್ಲ.

ಆದರೆ ತಂತಿಯ ಎತ್ತರ ಸರಿ ಇರಬೇಕು. ಹಂದಿಯ ಮೈ ತುಂಬ ಒರಟು ಕೂದಲು, ಚರ್ಮ ದಪ್ಪ, ಅಲ್ಲಿ ಶಾಕ್ ಅಷ್ಟಾಗಿ ತಾಗುವುದಿಲ್ಲ. ತಾಗಬೇಕಾದ್ದು ಒದ್ದೆ ಮೂಗಿಗೆ. ಮೂಗಿಗೆ ಬಿದ್ದರೆ ಹಿಂದೆ ಓಡುತ್ತದೆ. ತಲೆ ಒಳಗೆ ತೂರಿದ ಮೇಲೆ ಬೆನ್ನಿಗೆ ಬಿದ್ದರೆ ಮುಂದಕ್ಕೇ ನುಗ್ಗುತ್ತದೆ, ಬೇಲಿ ಸಮೇತ. ನಮಗೆ ಬೇಲಿ ಹಾಕಲು ಬಂದ ಹುಡುಗರಿಗೆ ಇದು ಗೊತ್ತಿರಲಿಲ್ಲ. ಸುಮ್ನೆ ಅಂದಾಜಿಗೆ ಐದು ಸಾಲು ಎಳೆದರು. ಕೆಳಗಿನ ಸಾಲು ನೆಲದಿಂದ ನಾಲ್ಕೇ ಇಂಚು.

ಆ ನಾಲ್ಕು ಇಂಚಿನ ತಂತಿಗೆ ಒಂದು ಆಮೆ ಸತ್ತಿತು. ತೋಡಿನಿಂದ (ಸಣ್ಣ ಹಳ್ಳದಿಂದ) ಗದ್ದೆಗೆ ಹತ್ತುವ ಕಪ್ಪು ಆಮೆ, ಇಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದು. ಹಂದಿ ಶಾಕ್ ಹೊಡೆದರೆ ಓಡುತ್ತದೆ. ಆಮೆ ಓಡುವುದಿಲ್ಲ, ಚಿಪ್ಪಿನೊಳಗೆ ಹೋಗಿ ಅಲ್ಲೇ ಕೂರುತ್ತದೆ. ಚಿಪ್ಪುಹಂದಿಯೂ ಹಾಗೆಯೇ, ಹೆದರಿದರೆ ಉಂಡೆಯಾಗಿ ಸುತ್ತಿಕೊಳ್ಳುತ್ತದೆ. ಕೆಲವೊಮ್ಮೆ ತಂತಿಯನ್ನೇ ಸುತ್ತಿಕೊಂಡು. ಮತ್ತೆ ಸೆಕೆಂಡಿಗೊಂದು ಹೊಡೆತ ಬೀಳುತ್ತಲೇ ಇರುತ್ತದೆ. ದಕ್ಷಿಣ ಆಫ್ರಿಕಾದ ಫಾರ್ಮುಗಳಲ್ಲಿ ಚಿಪ್ಪುಹಂದಿ, ಆಮೆಗಳು ಹೀಗೆ ಕೆಳತಂತಿಗೆ ಸಾಯುವುದು ದೊಡ್ಡ ಸಮಸ್ಯೆಯೇ ಆಗಿದೆ. ಅಂಗಡಿಗೆ ಫೋನ್ ಮಾಡಿದರೆ, "ಆಮೆಗೆಲ್ಲ ಯಾರಮ್ಮ ತಲೆ ಕೆಡಿಸಿಕೊಳ್ತಾರೆ" ಎಂದರು. ನಾನು ಪಂಚಾಯತಿಯ ಎಲೆಕ್ಟ್ರಿಷಿಯನ್ನನ್ನು ಕರೆಸಿ ಕೆಳಗಿನ ತಂತಿಯನ್ನು ಗೇಣಿಗಿಂತ ಸ್ವಲ್ಪ ಮೇಲಕ್ಕೆ ಕಟ್ಟಿಸಿದೆ. ಹಂದಿಯ ಮೂಗಿಗೆ ಆ ಎತ್ತರವೇ ಸರಿ, ಆಮೆ ಅಡಿಯಿಂದ ಹೋಗುತ್ತದೆ. ಹಗಲು ಸ್ವಿಚ್ ಆಫ್, ಕತ್ತಲಾದ ಮೇಲೆ ಆನ್. ಆಮೇಲೆ ಏನೂ ಸತ್ತದ್ದನ್ನು ನಾನು ಕಂಡಿಲ್ಲ.

ಎರಡನೇ ದೊಡ್ಡ ದೂರು ಅರ್ತಿಂಗ್‌ನದ್ದು. ತಂತಿಯಿಂದ ಪ್ರಾಣಿಗೆ, ಪ್ರಾಣಿಯಿಂದ ನೆಲಕ್ಕೆ, ನೆಲದಿಂದ ರಾಡಿನ ಮೂಲಕ ತಿರುಗಿ ಮಿಷನ್ನಿಗೆ. ಈ ಸುತ್ತು ಪೂರ್ತಿಯಾದರೆ ಮಾತ್ರ ಶಾಕ್. ನಮ್ಮದು ಮುರಕಲ್ಲಿನ ನೆಲ. ಮಾರ್ಚ್ ಹೊತ್ತಿಗೆ ಒಣಗಿ ಖಡಕ್ ಆಗುತ್ತದೆ, ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಹುಡುಗರು ಒಂದೇ ರಾಡ್ ಹೊಡೆದು ಹೋಗಿದ್ದರು. ಈಗ ಮೂರು ರಾಡ್, ಇದ್ದಿಲು, ಉಪ್ಪು, ಬೇಸಿಗೆಯಲ್ಲಿ ಪಾತ್ರೆ ತೊಳೆದ ನೀರು ಆ ಗುಂಡಿಗೆ. ತಂತಿಯ ವೋಲ್ಟ್ ಅಳೆಯುವ ಮೀಟರ್ ಕೂಡಲೇ ಏರಿತು.

ಮಳೆಗಾಲದ ಕಥೆ ಬೇರೆಯೇ. ಈ ಮಿಷನ್ ಮಾಡಿದವರು ಬಯಲುಸೀಮೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮಾಡಿದ್ದು ಅಂತ ನನ್ನ ಗುಮಾನಿ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಜೂನ್, ಜುಲೈನಲ್ಲಿ ದಿನಗಟ್ಟಲೆ ಬಿಸಿಲೇ ಇಲ್ಲ, ಪ್ಯಾನಲ್ ಸುಮ್ನೆ ಮಳೆಗೆ ಮೈ ತೊಳೆಯುತ್ತಿರುತ್ತದೆ. ಬ್ಯಾಟರಿ ಬಿಚ್ಚಿ ಮನೆಗೆ ತಂದು ಚಾರ್ಜ್ ಮಾಡಬೇಕು. ಹುಲ್ಲು, ಬಳ್ಳಿ ಬೆಳೆದು ತಂತಿಗೆ ತಾಗಿದರೆ ಕರೆಂಟ್ ಅಲ್ಲೇ ನೆಲಕ್ಕೆ ಇಳಿಯುತ್ತದೆ. ಹೊಸತರಲ್ಲಿ 7 ಕಿಲೋವೋಲ್ಟ್ ತೋರಿಸುತ್ತಿದ್ದ ಮೀಟರ್ ಮಳೆಗಾಲದಲ್ಲಿ 3ಕ್ಕಿಂತ ಕೆಳಗೆ. ಹಂದಿಗೆ ಇದು ಬೇಗ ಗೊತ್ತಾಗುತ್ತದೆ. ಎರಡು ರಾತ್ರಿ ಬೇಲಿ ಸೋತರೆ ಮೂರನೇ ರಾತ್ರಿ ಒಳಗೆ. ಹಾಗಾಗಿ ಹುಲ್ಲು ಕಟ್ ಮಾಡುವವರ ಕೂಲಿಯನ್ನೂ ಬೇಲಿಯ ಖರ್ಚಿಗೇ ಸೇರಿಸಿಕೊಳ್ಳಿ. ಹುಲ್ಲಿಗೆ ಔಷಧಿ ಹೊಡೆಯಿರಿ ಅಂತ ಅಂಗಡಿಯವರ ಸಲಹೆ. ತೋಡಿನ ಬದಿಯಲ್ಲಿ ವಿಷ ಹೊಡೆದರೆ ಕಪ್ಪೆ, ಏಡಿ, ಮೀನು ಎಲ್ಲದಕ್ಕೂ ತಾಗುತ್ತದೆ. ಬೇಡ ಅಂದೆ. ಇದರ ಮೇಲೆ ಸಿಡಿಲಿಗೆ ಒಂದು ಮಿಷನ್ ಸುಟ್ಟು ಹೋಯಿತು. ಒಂದು ವರ್ಷದ ವಾರಂಟಿಯಲ್ಲಿ ಸಿಡಿಲು ಸೇರುವುದಿಲ್ಲವಂತೆ! ನಮ್ಮೂರಲ್ಲಿ ಮಿಷನ್ ಹಾಳಾಗಲು ಸಿಡಿಲು ಬಿಟ್ಟು ಬೇರೆ ಕಾರಣ ಎಂಥದು ಮಾರಾಯ್ರೆ? ಸಿಡಿಲು ತಡೆಯುವ ಕಿಟ್ ಮೊದಲೇ ಹಾಕಿಸಿ, ಮೋಡ ಕಟ್ಟಿದ ಸಂಜೆ ಮಿಷನ್ನಿನಿಂದ ತಂತಿ ಬಿಚ್ಚಿಡಿ.

ಮಂಗನ ವಿಷಯದಲ್ಲಿ ಈ ಬೇಲಿ ಸೊನ್ನೆ. ಕಾರಣ ಮೇಲೆ ಹೇಳಿದ ಸುತ್ತಿನಲ್ಲೇ ಇದೆ. ಕರೆಂಟ್ ತಂತಿಯ ಮೇಲೆ ಕಾಗೆ ಕೂತ ಹಾಗೆ, ನೆಲ ಮುಟ್ಟದ ಪ್ರಾಣಿಗೆ ಶಾಕ್ ಇಲ್ಲ. ಮಂಗ ಹಲಸಿನ ಮರದಿಂದ ತೆಂಗಿಗೆ, ತೆಂಗಿನಿಂದ ಅಡಿಕೆಗೆ ಹಾರುತ್ತದೆ, ಬೇಲಿಯ ಗೊಡವೆಯೇ ಅದಕ್ಕೆ ಬೇಡ. ಸುತ್ತ ಮರ ಇಲ್ಲದ ಬಯಲು ಜಾಗದಲ್ಲಿ ಸ್ವಲ್ಪ ತಡೆಯಬಹುದೇನೋ. ಕರಾವಳಿಯ ತೋಟದಲ್ಲಿ ಅಂಥ ಜಾಗ ಎಲ್ಲಿದೆ? ಎಳನೀರು ಕಿತ್ತು ಒಂದು ಗುಟುಕು ಕುಡಿದು ಎಸೆಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ, ನಿಜ. ಆದರೆ ನಮ್ಮ ಹಿಂದಿನ ಗುಡ್ಡದಲ್ಲಿ ಕಾಡುಮಾವು, ಹೆಬ್ಬಲಸು, ನೇರಳೆ, ಪುನರ್ಪುಳಿ ಇದ್ದದ್ದು ಅತ್ತೆಗೆ ನೆನಪಿದೆ. ಈಗ ಅಲ್ಲಿ ಅಕೇಶಿಯಾ, ಆಚೆ ಬದಿ ರಬ್ಬರ್. ಎರಡರಲ್ಲೂ ಮಂಗನಿಗೆ ತಿನ್ನಲು ಒಂದು ಹಣ್ಣಿಲ್ಲ. ಇನ್ನೊಂದು ಕಡೆ ಆಗುಂಬೆ ಘಾಟಿಯಲ್ಲಿ ಕಾರು ನಿಲ್ಲಿಸಿ ಬಿಸ್ಕಿಟ್ ಹಾಕಿ ಫೋಟೋ ತೆಗೆಯುವವರು. ಮನುಷ್ಯನ ಕೈಯಿಂದ ತಿಂದು ಅಭ್ಯಾಸ ಆದ ಮಂಗ ಅಂಗಳಕ್ಕೆ ಬರದೆ ಇನ್ನೆಲ್ಲಿಗೆ ಹೋಗಬೇಕು? ಹಿಡಿದು ಘಾಟಿಗೆ ಬಿಡುವವರೂ ಇದ್ದಾರೆ. ಅದು ಘಾಟಿಯ ಬುಡದ ಊರಿನವರಿಗೆ ನಮ್ಮ ಉಡುಗೊರೆ, ಅಷ್ಟೆ.

ನವಿಲು ಹಾರುತ್ತದೆ. ಇದನ್ನು ಅಂಗಡಿಯವರಿಗೆ ನಾನೇ ಹೇಳಬೇಕಾಯಿತು. ಅತ್ತೆ ಮದುವೆಯಾಗಿ ಬಂದಾಗ ಈ ಊರಲ್ಲಿ ನವಿಲೇ ಕಂಡಿರಲಿಲ್ಲವಂತೆ, ಈಗ ನೇಜಿಗೆ (ಭತ್ತದ ಸಸಿಮಡಿಗೆ) ಬಿತ್ತಿದ ಬೀಜ ಹೆಕ್ಕಲು ಸಾಲುಗಟ್ಟಿ ಬರುತ್ತವೆ. ದಟ್ಟ ಕಾಡಿಗಿಂತ ಕುರುಚಲು, ಬಯಲು ಇಷ್ಟಪಡುವ ಹಕ್ಕಿ ಅದು. ನಾವು ಗುಡ್ಡ ಸವರಿದಷ್ಟೂ ಅದಕ್ಕೆ ಅನುಕೂಲ. 1963ರಿಂದ ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಕಾಯ್ದೆಯಲ್ಲಿ ಮೊದಲ ಪಟ್ಟಿಯಲ್ಲಿರುವ ಜೀವಿ, ಕಲ್ಲು ಎಸೆಯಲೂ ಯೋಚಿಸಬೇಕು. ನೇಜಿಗೆ ಬಲೆ ಹೊದಿಸುವುದೇ ದಾರಿ.

ಅಂದ ಹಾಗೆ, ಅದೇ ಅಂಗಡಿಯಲ್ಲಿ ಒಂದು ಅಲ್ಟ್ರಾಸಾನಿಕ್ ಡಬ್ಬಿಯನ್ನೂ ತೋರಿಸುತ್ತಾರೆ. ನಮಗೆ ಕೇಳದ ಶಬ್ದಕ್ಕೆ ಪ್ರಾಣಿ ಓಡುತ್ತದಂತೆ. ಆಚೆಮನೆಯ ಪೂಜಾರಿಯವರು ತಂದಿದ್ದಾರೆ. ಅದರ ಮೇಲೆ ಈಗ ಮಂಗ ಕೂರುತ್ತದೆ.

ಕೋವಿ ಇದ್ದವರು ಬೇಲಿ ಯಾಕೆ ಅನ್ನುತ್ತಾರೆ. ಚುನಾವಣೆ ಬಂದಾಗೆಲ್ಲ ಅದು ಸ್ಟೇಷನ್ನಿನಲ್ಲಿ ಠೇವಣಿ, ಹಂದಿಗೆ ನೀತಿಸಂಹಿತೆ ಇಲ್ಲ. ಉರುಳು ಇಡುವವರು ಇನ್ನೂ ಕಷ್ಟ. ಬೈಕಿನ ಬ್ರೇಕ್ ವಯರಿನ ಉರುಳಿಗೆ ಹಂದಿಯೇ ಬೀಳಬೇಕು ಅಂತ ಇಲ್ಲವಲ್ಲ. ಕೋಳಿ ಅಂಗಡಿಯ ಕಸ ರಸ್ತೆ ಬದಿಗೆ ಸುರಿಯುತ್ತೇವೆ, ಅದಕ್ಕೆ ಬೀದಿನಾಯಿ, ನಾಯಿಗೆ ಚಿರತೆ. ಹಾಗೆ ಬಂದ ಚಿರತೆ ಉರುಳಿಗೆ ಸಿಕ್ಕಿ ಒದ್ದಾಡುವುದು, ಅರಿವಳಿಕೆ ಕೊಡಲು ಡಾಕ್ಟರು ಬರುವ ಹೊತ್ತಿಗೆ ಊರಿಡೀ ಮೊಬೈಲ್ ಹಿಡಿದು ನಿಂತಿರುವುದು. ನಮ್ಮ ಜಿಲ್ಲೆಯಲ್ಲಿ ಇದು ಹೊಸತೇನೂ ಅಲ್ಲ.

ಬೇಲಿ ಹಂದಿಯನ್ನು ಇಲ್ಲದ ಹಾಗೆ ಮಾಡುವುದಿಲ್ಲ, ಪಕ್ಕಕ್ಕೆ ದೂಡುತ್ತದೆ ಅನ್ನುವುದು ಮಾತ್ರ ನೆನಪಿರಲಿ. ನಮ್ಮ ಬೇಲಿ ಆದ ವರ್ಷ ಪಕ್ಕದ ಶೆಟ್ರ ಗದ್ದೆ ಪೂರ್ತಿ ಹೋಯಿತು. ಅವರು ಬಾಯಿಬಿಟ್ಟು ಏನೂ ಹೇಳಲಿಲ್ಲ, ಮದುವೆ ಕಾಗದ ಮಾತ್ರ ಬರಲಿಲ್ಲ. ಹಂದಿ ಹಗಲು ಇರುವುದು ಎಲ್ಲಿ? ನಮ್ಮಿಬ್ಬರ ಗದ್ದೆಯ ನಡುವೆ ಬೇಸಾಯ ಇಲ್ಲದೆ ಹಡಿಲು ಬಿದ್ದಿರುವ ಎರಡು ಎಕರೆಯಲ್ಲಿ. ಆ ಜಾಗದ ಯಜಮಾನರು ಮುಂಬೈಯಲ್ಲಿ, ಗದ್ದೆ ತುಂಬ ಆಳೆತ್ತರದ ಪೊದೆ. 2021ರಲ್ಲಿ ಉಡುಪಿಯಲ್ಲಿ ಹಡಿಲು ಗದ್ದೆ ಬೇಸಾಯದ ಆಂದೋಲನ ನಡೆದಾಗ ಬೈಲುಗಳಲ್ಲಿ ಮತ್ತೆ ಉಳುಮೆ ಕಂಡಿತ್ತು. ಅದು ಎಲ್ಲ ಕಡೆ ಮುಂದುವರಿದಿದ್ದರೆ ನನ್ನ ಅರ್ಧ ಬೇಲಿ ಬೇಕಾಗುತ್ತಿರಲಿಲ್ಲ.

ಐದರಲ್ಲಿ ಮೂರೂವರೆ ಕೊಡುತ್ತೇನೆ. ಹಂದಿಯ ಕಾಟ ಇರುವವರು ಧೈರ್ಯವಾಗಿ ಹಾಕಿಸಿ. ಮಂಗಕ್ಕೆ, ನವಿಲಿಗೆ ಅಂತ ಹಾಕಿಸಬೇಡಿ. ಇನ್ಸುಲೇಟರ್ ಪಿಂಗಾಣಿಯದೇ ಕೇಳಿ, ಅಗ್ಗದ ಪ್ಲಾಸ್ಟಿಕ್ ಬಿಸಿಲಿಗೆ ಒಡೆಯುತ್ತದೆ. ಮೀಟರ್ ಕೊಡದ ಅಂಗಡಿಯಲ್ಲಿ ಮಿಷನ್ ಕೊಳ್ಳಬೇಡಿ.

ಈ ಸಲ ಶೆಟ್ರೂ ನಾವೂ ಮಾತಾಡಿಕೊಂಡಿದ್ದೇವೆ. ಎರಡೂ ಗದ್ದೆಗೆ ಸೇರಿ ಒಂದೇ ಬೇಲಿ, ಒಂದೇ ಮಿಷನ್, ಖರ್ಚು ಅರ್ಧ ಅರ್ಧ. ತೋಡಿನ ಬದಿಯ ಹಾದಿಯನ್ನು ಹಂದಿಗೆ ಬಿಟ್ಟುಕೊಡುವುದು, ನೀರಿಗೆ ಹೋಗುವ ದಾರಿ ಕಟ್ಟಿದರೆ ಅದು ಬೇಲಿ ಮುರಿಯದೆ ಬಿಡುವುದಿಲ್ಲ. ಇಷ್ಟಕ್ಕೆಲ್ಲ ಒಪ್ಪಿಗೆ ಆಗಿದೆ. ತಂತಿಯ ಕೆಳಗಿನ ಹುಲ್ಲು ಯಾರು ತೆಗೆಸುವುದು ಅನ್ನುವುದು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ.