ಇದ್ದಿಲು ಸ್ಮೋಕರ್, ಎರಡು ವರ್ಷದ ಮೇಲೆ: ದುರ್ಗದ ಗಾಳಿಗೆ ಬಾಗಿಲು ಗಟ್ಟಿ ಇರಬೇಕು

ಇದ್ದಿಲ ಶಾಖ, ಹೊಗೆಯಲ್ಲಿ ಮಾಂಸವನ್ನು ನಿಧಾನವಾಗಿ ಬೇಯಿಸುವ, ಪೀಪಾಯಿಯ ಹಾಗೆ ನಿಲ್ಲುವ ಈ ಸ್ಮೋಕರ್ ಒಲೆ ನಮ್ಮ ತಾರಸಿಗೆ ಬಂದು ಎರಡು ವರ್ಷ ಆಯ್ತು. ಅಳತೆ, ತೂಕ ಮಾರುವವರ ಪುಟದಲ್ಲಿ ನೀವು ನೋಡಿಯೇ ಇರುತ್ತೀರಿ. ನಾನು ಹೇಳಬೇಕಾಗಿರುವುದು ಗಾಳಿಯ ವಿಷಯ.

ಚಿತ್ರದುರ್ಗದ ಗಾಳಿ ಗೊತ್ತಲ್ವಾ? ಗುಡ್ಡದ ಮೇಲೆಲ್ಲ ಫ್ಯಾನು ನಿಲ್ಲಿಸಿ ಕರೆಂಟು ತೆಗೆಯುವಂಥ ಗಾಳಿ. ಶ್ರಾವಣ ಬಂದರೆ ಮನೆಯಲ್ಲಿ ಮಾಂಸ ಇಲ್ಲ ಅಂತ ಮೊದಲ ಮಟನ್ ತೊಡೆಯನ್ನು ಆಷಾಢದಲ್ಲೇ ಇಟ್ಟೆ. 110 ಡಿಗ್ರಿಯಲ್ಲಿ ನಿಲ್ಲಬೇಕಾದ ಶಾಖ 170 ದಾಟಿತು. ಕೆಳಗಿನ ಗಾಳಿಕಿಂಡಿ ಪೂರ್ತಿ ಮುಚ್ಚಿದರೂ ಇಳಿಯಲಿಲ್ಲ. ಹೊರಗೆ ಕರಿ, ಮೂಳೆ ಹತ್ತಿರ ರಬ್ಬರು. ಬಂದ ನೆಂಟರಿಗೆ ಮೊಟ್ಟೆ ಸಾರು ಮಾಡಿದೆವು. ತುಂಬಾ ಬೇಜಾರಾಯ್ತು.

ತಪ್ಪು ಎಲ್ಲಿದೆ ಅಂತ ಕಂಡುಹಿಡಿದಿದ್ದು ನಮ್ಮ ಮಾವ. ಗಾಳಿ ನಿಂತ ಹೊತ್ತು ನೋಡಿ, ಒಳಗೆ ಕೆಂಡ ಇರುವಾಗ ಇದ್ದಿಲು ಹಾಕುವ ಬಾಗಿಲ ಸುತ್ತ ಊದಿನಕಡ್ಡಿ ಹಿಡಿದರು. ಮೂರು ಕಡೆ ಹೊಗೆ ಸರ‍್ರನೆ ಒಳಗೆ ಹೋಯಿತು. ಕಿಂಡಿ ಮುಚ್ಚಿದರೂ ಬೆಂಕಿಗೆ ಉಸಿರು ಅಲ್ಲಿಂದ ಸಿಗುತ್ತಿತ್ತು! 18,000 ರೂಪಾಯಿ ಕೊಟ್ಟ ಸಾಮಾನು. ಮಾರಿದವರಿಗೆ ಫೋಟೊ ಕಳಿಸಿದರೆ ಎಲ್ಲ ಪೀಸೂ ಹೀಗೇ ಇರುತ್ತೆ ಅಂದರು. ಅದಕ್ಕೇ ಎರಡು ಸ್ಟಾರ್ ಕಡಿಮೆ.

ಈಗ ದಮ್ ಬಿರಿಯಾನಿ ಪಾತ್ರೆಗೆ ಮೆತ್ತುವ ಹಾಗೆ, ಗೋಧಿಹಿಟ್ಟು ನಾದಿ ಹಗ್ಗದಂತೆ ಹೊಸೆದು ಬಾಗಿಲ ಅಂಚಿಗೆ ಮೆತ್ತುತ್ತೇನೆ. ಮತ್ತೆ ತೆಗೆಯುವ ಹಾಗಿಲ್ಲ, ಆದ್ದರಿಂದ ಇದ್ದಿಲು ಮೊದಲೇ ತುಂಬಬೇಕು. ಬಳ್ಳಾರಿ ಜಾಲಿಯ ಇದ್ದಿಲು ನಾಲ್ಕು ಕೆಜಿ. ನಡುವೆ ಗುಳಿ ಮಾಡಿ ಹತ್ತು ಹನ್ನೆರಡು ಕೆಂಡ ಮಾತ್ರ ಇಡುತ್ತೇನೆ. ಬೆಂಕಿ ಮೆಲ್ಲಗೆ ಸುತ್ತಲೂ ಹರಡುತ್ತದೆ. ಮೇಲೊಂದು ತಟ್ಟೆ ತುಂಬ ಕುದಿಯುವ ನೀರು, ಅದು ಶಾಖವನ್ನು ಹಿಡಿದಿಡುತ್ತದೆ.

ಭಾನುವಾರ ಬೆಳಿಗ್ಗೆ ಐದಕ್ಕೆ, ಗಾಳಿ ಏಳುವ ಮುಂಚೆ ಹಚ್ಚುತ್ತೇನೆ. ಗಾಳಿ ಬರುವ ಕಡೆಗೆ ಒಂದು ಕಡಪ ಕಲ್ಲು ಒರಗಿಸಿರುತ್ತೇನೆ. ಮೊದಲು ದಟ್ಟ ಬಿಳಿ ಹೊಗೆ. ಆಗ ಮಾಂಸ ಇಟ್ಟರೆ ಕಹಿ. ಚಹಾ ಮುಗಿದು ಬೆಳಕು ಹರಿದು ಜೋಗಿಮಟ್ಟಿ ಬೆಟ್ಟ ಕಾಣುವ ಹೊತ್ತಿಗೆ ಹೊಗೆ ತೆಳ್ಳಗಾಗಿ ನೀಲಿಗೆ ತಿರುಗುತ್ತದೆ. ಆ ಬಣ್ಣ ನೋಡಲಿಕ್ಕೇ ನಾನು ಬೇಗ ಏಳುವುದು.

ಮೇಲಿನ ಕಿಂಡಿ ಪೂರ್ತಿ ತೆರೆದೇ ಇರಲಿ. ಹದ ಏನಿದ್ದರೂ ಕೆಳಗಿನದರಲ್ಲಿ. ಥರ್ಮಾಮೀಟರ್ ಮುಳ್ಳು 95ಕ್ಕೆ ಬಂದಾಗಲೇ ಅದನ್ನು ಕಿರಿದು ಮಾಡಬೇಕು, ಏರಿದ ಶಾಖ ಇಳಿಸುವುದು ಕಷ್ಟ. ಒಂದು ಸಲ ತಿರುಗಿಸಿದರೆ ಹದಿನೈದು ನಿಮಿಷ ಸುಮ್ನೆ ಕೂರಬೇಕು. ಮುಚ್ಚಳ ಎತ್ತಿ ನೋಡಿದರೆ ಗಾಳಿ ನುಗ್ಗಿ ಕೆಂಡ ಕೆರಳುತ್ತದೆ. ಮಾಂಸದೊಳಗೆ 70 ಡಿಗ್ರಿ ಹತ್ತಿರ ಗಂಟೆಗಟ್ಟಲೆ ಏರದೆ ನಿಂತರೂ ಗಾಬರಿ ಬೇಡ. ತೇವ ಆರುತ್ತಾ ತಂಪು ಮಾಡುತ್ತಿರುತ್ತದೆ, ಅಷ್ಟೇ. ಗಾಳಿ ಜಾಸ್ತಿ ಅಂತ ಇದನ್ನು ಮೆಟ್ಟಿಲ ರೂಮಿಗೆ ಮಾತ್ರ ತರಬೇಡಿ. ಮುಚ್ಚಿದ ಜಾಗದಲ್ಲಿ ಇದ್ದಿಲ ಹೊಗೆ ಜೀವಕ್ಕೇ ಅಪಾಯ.

ಮೊನ್ನೆ ಏಳು ಗಂಟೆ ಬೆಂದ ತೊಡೆಯ ಮೂಳೆ ಕೈಯಲ್ಲೇ ಕಳಚಿ ಬಂತು. ಆಮೇಲೆ ಎರಡೂ ಕಿಂಡಿ ಮುಚ್ಚಿ ಮಲಗಿದೆ. ಸೋಮವಾರ ಹಿಟ್ಟು ಒಡೆದು ಬಾಗಿಲು ತೆಗೆದರೆ, ಮುಕ್ಕಾಲು ಬುಟ್ಟಿ ಇದ್ದಿಲು ಆರಿ ಹಾಗೇ ಉಳಿದಿತ್ತು.